ಕಾಕಟೀಲ್ (ಜುಟ್ಟಿರುವ ಸಣ್ಣ ಸಾಕುಗಿಳಿ) ಕಾವು ಬಿಟ್ಟರೆ ಏನು ಮಾಡಬೇಕು?
ತಾಯಿ ಹೊರಗಿದೆ ಅಂತ ತಕ್ಷಣ ಮೊಟ್ಟೆ ತೆಗೀಬೇಡಿ. ಹಗಲಲ್ಲಿ ಸಾಮಾನ್ಯವಾಗಿ ಗಂಡೇ ಕಾವಿಗೆ ಕೂರುತ್ತದೆ. ಎರಡು ಮೂರು ಮೊಟ್ಟೆ ಇಡುವವರೆಗೆ ಕೆಲವು ಸರಿಯಾಗಿ ಕೂರುವುದೂ ಇಲ್ಲ. ಗಂಡು ಹೆಣ್ಣು ಎರಡೂ ಕಾವು ಬಿಟ್ಟಿದ್ದರೆ ಕತ್ತಲಲ್ಲಿ ಮೊಟ್ಟೆಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ವಾರ ಕಳೆದ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಕಂಡರೆ ಮರಿ ಬೆಳೀತಿದೆ ಅಂತ.

ಆಗಲೇ ಕಾವಿಗೆ ಕೂತಿರುವ ಇನ್ನೊಂದು ಜೋಡಿ ಸಿಕ್ಕರೆ ಅದರ ಗೂಡಲ್ಲಿಡಿ. ಗುಟುಕು ಕೊಡುವ ತಾಪತ್ರಯವೂ ತಪ್ಪುತ್ತದೆ. ಇಲ್ಲದಿದ್ದರೆ ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ (ಮೊಟ್ಟೆಗೆ ಕಾವು ಕೊಡುವ ಯಂತ್ರ) 37.5 ಡಿಗ್ರಿ ಸೆಲ್ಸಿಯಸ್ ಇಟ್ಟು, ದಿನಕ್ಕೆ ನಾಲ್ಕೈದು ಸಲ ಮೆಲ್ಲಗೆ ಹೊರಳಿಸಿ. ಬಲ್ಬ್ ಹಾಕಿದ ರಟ್ಟಿನ ಡಬ್ಬ ನಂಬಬೇಡಿ, ಬಿಸಿ ಜಾಸ್ತಿಯಾದ್ರೆ ಮರಿ ಒಳಗೇ ಸಾಯುತ್ತೆ. ಮರಿಯಾಗಲು 18ರಿಂದ 21 ದಿನ ಬೇಕು. ಕೊನೆಯ ಮೂರು ದಿನ ಹೊರಳಿಸಬೇಡಿ, ತೇವಾಂಶ ಹೆಚ್ಚಿಸಿ. ಚಿಪ್ಪು ಬಿರುಕು ಬಿಟ್ಟಿತು ಅಂತ ಉಗುರಲ್ಲಿ ಸುಲಿಯೋಕೆ ಹೋಗಬೇಡಿ, ಒಳಗಿನ ಪೊರೆಯಿಂದ ರಕ್ತ ಬರುತ್ತದೆ.