ಮಂಗಳನ ಮೇಲೆ ಡ್ರೋನ್ ಹಾರಿಸುವ ಮೊದಲು

ನಾನು ಭತ್ತದ ಗದ್ದೆಗಳಿಗೆ ಡ್ರೋನ್‌ನಲ್ಲಿ ಔಷಧಿ ಹೊಡೆಯುವವನು. ಮಲೇಬೆನ್ನೂರಿನ ಸುತ್ತ, ಭದ್ರಾ ನಾಲೆಯ ನೀರು ಬರುವ ಊರುಗಳಲ್ಲಿ ನನ್ನ ಕೆಲಸ. ಹಂಗಾಮು ಮುಗಿದ ಮೇಲೆ ಕೈ ಖಾಲಿ. ಆಗ ವಿಜ್ಞಾನ ಕಥೆ ಬರೆಯುತ್ತೇನೆ.

ಹೋದ ವರ್ಷ ಒಂದು ಬರೆದೆ. ಮಂಗಳ ಗ್ರಹದಲ್ಲಿ ಒಂದು ಶಿಬಿರ, ದೂರದ ಕಣಿವೆಯಲ್ಲಿ ಸಿಕ್ಕಿಹಾಕಿಕೊಂಡ ಇಬ್ಬರು, ಅವರಿಗೆ 20 ಕೆ.ಜಿ. ಔಷಧಿ, ಊಟ ಹೊತ್ತು ಹಾರುವ ಡ್ರೋನ್. ಡ್ರೋನನ್ನು ನನ್ನ ಮಷೀನನ್ನೇ ಕಣ್ಣೆದುರು ಇಟ್ಟುಕೊಂಡು ಬರೆದಿದ್ದೆ. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳಿಗೆ ಓದಲು ಕೊಟ್ಟೆ. ಕಥೆ ಚೆನ್ನಾಗಿದೆಯೋ ಇಲ್ಲವೋ ಹೇಳಲೇ ಇಲ್ಲ. "ರೆಕ್ಕೆ ಎಷ್ಟುದ್ದ ಮಾಮ?" ಅಂದಳು, ಅಷ್ಟೇ.

ನೀವೂ ಇಂಥ ಕಥೆ ಬರೆಯುತ್ತಿದ್ದರೆ ಮೊದಲು ಆ ಪ್ರಶ್ನೆಗೇ ಉತ್ತರ ಹುಡುಕಿ. ಹೆಸರು, ಬಣ್ಣ, ಕೃತಕ ಬುದ್ಧಿ ಎಲ್ಲ ಆಮೇಲೆ.

ಲೆಕ್ಕ ಕಷ್ಟದ್ದಲ್ಲ. ಮಂಗಳನಲ್ಲಿ ತೂಕ ಭೂಮಿಯ 38 ಶೇಕಡ. ಖುಷಿಪಡಬೇಡಿ, ಗಾಳಿ ಇರುವುದು ಒಂದೂವರೆ ಶೇಕಡದಷ್ಟು, ಕೆಲವು ಕಾಲದಲ್ಲಿ ಒಂದೇ ಶೇಕಡ. ಅಂದರೆ ಇಲ್ಲಿ ಮೇಲೇಳುವ ಡ್ರೋನ್ ಅಲ್ಲಿ ಅಷ್ಟೇ ವೇಗದಲ್ಲಿ ರೆಕ್ಕೆ ತಿರುಗಿಸಿದರೆ, ಬೇಕಾದ ಬಲದ ಸುಮಾರು 25ರಲ್ಲಿ ಒಂದು ಪಾಲು ಮಾತ್ರ ಹುಟ್ಟುತ್ತದೆ. ನೆಲ ಬಿಟ್ಟು ಅಲ್ಲಾಡುವುದೂ ಇಲ್ಲ.

ಜೋರಾಗಿ ತಿರುಗಿಸಿದರಾಯಿತು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 25 ಪಟ್ಟು ಬಲಕ್ಕೆ ಐದು ಪಟ್ಟು ವೇಗ ಸಾಕು. ನನ್ನ ಮಷೀನಿನ ರೆಕ್ಕೆಯ ತುದಿ ಈಗಲೇ ಸೆಕೆಂಡಿಗೆ ಸುಮಾರು 130 ಮೀಟರ್ ಓಡುತ್ತದೆ. ಐದು ಪಟ್ಟು ಅಂದರೆ 650. ಆದರೆ ಮಂಗಳನ ಗಾಳಿ ಹೆಚ್ಚುಕಡಿಮೆ ಪೂರ್ತಿ ತಣ್ಣನೆಯ ಇಂಗಾಲದ ಡೈಆಕ್ಸೈಡ್. ಅಲ್ಲಿ ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 240 ಮೀಟರ್. ರೆಕ್ಕೆಯ ತುದಿ ಆ ಗಡಿ ಹತ್ತಿರ ಹೋದರೆ ಎಳೆತ ಏರುತ್ತದೆ, ಎತ್ತುವ ಬಲ ಕುಸಿಯುತ್ತದೆ, ಮಷೀನೆಲ್ಲ ನಡುಗುತ್ತದೆ. ಹಾಗಾಗಿ ಶಬ್ದದ ವೇಗದ 70 ಶೇಕಡದೊಳಗೆ ಇರಬೇಕು. ಜೋರಾಗಿ ತಿರುಗಿಸುವ ದಾರಿ ಅರ್ಧದಲ್ಲೇ ಮುಚ್ಚಿತು. ಉಳಿದಿರುವುದು ಎರಡೇ: ರೆಕ್ಕೆ ದೊಡ್ಡದು ಮಾಡಿ, ಮೈ ಹಗುರ ಮಾಡಿ.

ನಾಸಾ ಮಂಗಳಕ್ಕೆ ಕಳಿಸಿದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿ ಮಾಡಿದ್ದೂ ಅದನ್ನೇ. ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಇಲ್ಲ. ಒಟ್ಟು ತೂಕ 1.8 ಕೆ.ಜಿ. ಹೊಟ್ಟೆ ಒಂದು ಟಿಶ್ಯೂ ಡಬ್ಬಿಯಷ್ಟು. ಅದರ ಮೇಲೆ ಒಂದರ ಮೇಲೊಂದು ಎರಡು ರೋಟರ್, ತುದಿಯಿಂದ ತುದಿಗೆ 1.2 ಮೀಟರ್, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ನಿಮಿಷಕ್ಕೆ 2,500ಕ್ಕೂ ಹೆಚ್ಚು ಸುತ್ತು. ಅಷ್ಟು ಪುಟ್ಟ ಮೈಗೆ ಅಷ್ಟು ದೊಡ್ಡ ರೆಕ್ಕೆ ಯಾಕೆ ಅನ್ನುವುದು ಈಗ ಗೊತ್ತಾಯಿತಲ್ಲ. 2021ರ ಏಪ್ರಿಲ್ 19ರಂದು ಜೆಜೆರೊ ಕುಳಿಯಲ್ಲಿ ಮೊದಲ ಸಲ 3 ಮೀಟರ್ ಮೇಲೆದ್ದು 39 ಸೆಕೆಂಡ್ ಹಾರಿತು. ಐದು ಹಾರಾಟ ಆದರೆ ಸಾಕು ಅಂದುಕೊಂಡಿದ್ದವರಿಗೆ 72 ಹಾರಾಟ ಕೊಟ್ಟಿತು.

ಅದೇ ಅಳತೆ ಇಟ್ಟುಕೊಂಡು ನಿಮ್ಮ ಡ್ರೋನನ್ನು ಹಿಗ್ಗಿಸಬಹುದು. 1.8 ಕೆ.ಜಿ.ಗೆ ರೋಟರ್ ಬೀಸುವ ಜಾಗ ಸುಮಾರು 1.1 ಚದರ ಮೀಟರ್. 20 ಕೆ.ಜಿ.ಯ ಡ್ರೋನ್‌ಗೆ 12 ಚದರ ಮೀಟರ್‌ಗಿಂತ ಜಾಸ್ತಿ ಬೇಕು. ಆರು ರೋಟರ್ ಹಾಕಿದರೆ ಒಂದೊಂದೂ 1.6 ಮೀಟರ್ ಅಗಲ. ಎತ್ತಿನ ಗಾಡಿಯ ಚಕ್ರಕ್ಕಿಂತ ದೊಡ್ಡದು! ಈ 20 ಕೆ.ಜಿ. ಒಟ್ಟು ತೂಕ ಅನ್ನುವುದು ನೆನಪಿರಲಿ. ಇಂಜೆನ್ಯುಯಿಟಿ ಆದ ಮೇಲೆ ನಾಸಾದವರು ಸುಮಾರು 30 ಕೆ.ಜಿ.ಯ ಆರು ರೋಟರ್ ಡ್ರೋನ್ ಒಂದನ್ನು ಕಾಗದದ ಮೇಲೆ ಯೋಚಿಸಿದ್ದಾರೆ. ಅದು ಹೊರುವ ಸಾಮಾನು 5 ಕೆ.ಜಿ.ಯ ಆಸುಪಾಸು. ನನ್ನ 20 ಕೆ.ಜಿ. ಔಷಧಿ, ಊಟ ಅಲ್ಲಿಗೇ ಬಿದ್ದುಹೋಯಿತು.

ಮಂಗಳ ಬೇಡ, ನಿಮ್ಮದೇ ಗ್ರಹ ಕಟ್ಟಿಕೊಳ್ಳುತ್ತೀರಾ? ಹಾಗಾದರೆ ಇಷ್ಟು ಮಾಡಿ. ಭೂಮಿಗೆ ಹೋಲಿಸಿ ಗುರುತ್ವ ಎಷ್ಟು ಅಂತ ಬರೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಅದರಿಂದಲೇ ಗುಣಿಸಿ. ಭೂಮಿಗೆ ಹೋಲಿಸಿದ ಗಾಳಿಯ ದಟ್ಟಣೆಯಿಂದ (1 ಶೇಕಡ ಅಂದರೆ 0.01) ಭಾಗಿಸಿ. ವರ್ಗಮೂಲ ತೆಗೆಯಿರಿ. ಅದೇ ಡ್ರೋನ್ ಅಲ್ಲಿ ತೇಲಲು ಭೂಮಿಗಿಂತ ಎಷ್ಟು ಪಟ್ಟು ಶಕ್ತಿ ಬೇಕು ಅನ್ನುವುದು ಸಿಗುತ್ತದೆ. ಮಂಗಳಕ್ಕೆ ಸುಮಾರು 2 ಬರುತ್ತದೆ. ಗುರುತ್ವ ಅರ್ಧ, ಗಾಳಿ 5 ಶೇಕಡ ಇಟ್ಟರೆ 1.6. ಗುರುತ್ವ 0.9, ಗಾಳಿ 1 ಶೇಕಡ ಇಟ್ಟರೆ ಎಂಟೂವರೆ! ಆ ಗ್ರಹದಲ್ಲಿ ಡ್ರೋನ್ ಕೈಬಿಟ್ಟು ಬೇರೆ ಏನಾದರೂ ನೋಡಿ. ಗಾಳಿಯೇ ಇಲ್ಲದ ಕಡೆಯಂತೂ ರೆಕ್ಕೆ ಅಲಂಕಾರಕ್ಕೆ ಮಾತ್ರ. 2023ರ ಸೆಪ್ಟೆಂಬರ್‌ನಲ್ಲಿ ಇಸ್ರೊದ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಸುಮಾರು 40 ಸೆಂ.ಮೀ. ಜಿಗಿದು ಮತ್ತೆ ಕೂತಿತಲ್ಲ, ಅದು ಇಂಜಿನ್ ಉರಿಸಿ.

ಮಂಗಳನಲ್ಲೇ ಆದರೂ ಯಾವ ಜಾಗ ಅನ್ನುವುದು ಮುಖ್ಯ. ಹೆಲ್ಲಸ್ ತಗ್ಗಿನ ತಳದಲ್ಲಿ ಗಾಳಿ ಸರಾಸರಿಯ ಎರಡರಷ್ಟರ ಹತ್ತಿರ. ಒಲಿಂಪಸ್ ಮಾನ್ಸ್ ಬೆಟ್ಟದ ನೆತ್ತಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಕಥೆಯಲ್ಲಿ ಡ್ರೋನ್ ಜಾಸ್ತಿ ಕೆಲಸ ಮಾಡಬೇಕಾದರೆ ಶಿಬಿರವನ್ನು ತಗ್ಗಿಗೆ ಇಳಿಸಿ. ಕೈಕೊಡಬೇಕಾದರೆ ಬೆಟ್ಟ ಹತ್ತಿಸಿ. ಕಾಲವೂ ಲೆಕ್ಕಕ್ಕೆ ಬರುತ್ತದೆ. ಧ್ರುವದಲ್ಲಿ ಚಳಿಗಾಲ ಬಂದಾಗ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಕೂರುವುದರಿಂದ ಇಡೀ ಗ್ರಹದ ಗಾಳಿ ತೆಳ್ಳಗಾಗುತ್ತದೆ. ಹೋದ ತಿಂಗಳು ಹಾರಿದ ಡ್ರೋನ್ ಈ ತಿಂಗಳು ಹಾರದು. ಇಂಜೆನ್ಯುಯಿಟಿಗೂ ಹೀಗಾಗಿ ರೋಟರ್ ವೇಗ ಏರಿಸಬೇಕಾಯಿತು.

ಇನ್ನು ಬ್ಯಾಟರಿ. ನಮ್ಮಲ್ಲಿ ಒಂದು ಟ್ಯಾಂಕ್ ಹೊಡೆಯುವುದರೊಳಗೆ ಬ್ಯಾಟರಿ ಇಳಿಯುತ್ತದೆ, ಬದುವಿನ ಮೇಲೆ ಜನರೇಟರ್ ಇಟ್ಟು ಚಾರ್ಜ್ ಮಾಡುತ್ತೇವೆ. ಮಂಗಳನಲ್ಲಿ ಹಾರುವುದಕ್ಕಿಂತ ರಾತ್ರಿ ಕಳೆಯುವುದೇ ಖರ್ಚು. ಮೈನಸ್ 90 ಡಿಗ್ರಿ ಚಳಿಯಲ್ಲಿ ಬ್ಯಾಟರಿ ಸಾಯದಂತೆ ಬೆಚ್ಚಗಿಡಲು ಇಂಜೆನ್ಯುಯಿಟಿಯ ಶಕ್ತಿಯ ಮೂರರಲ್ಲಿ ಎರಡು ಪಾಲು ಹೋಗುತ್ತಿತ್ತು. 2022ರ ಮೇ ತಿಂಗಳಲ್ಲಿ ಸೋಲಾರ್ ಫಲಕಕ್ಕೆ ಧೂಳು ಕೂತು, ಒಂದು ರಾತ್ರಿ ಬ್ಯಾಟರಿ ಸಾಕಾಗದೆ ಅದರ ಗಡಿಯಾರವೇ ತಪ್ಪಿಹೋಯಿತು. ಯಾವಾಗ ಎಚ್ಚರಾಗುತ್ತದೋ ಗೊತ್ತಿಲ್ಲ, ಹಾಗಾಗಿ ಅದರ ಜೊತೆ ಮಂಗಳಕ್ಕೆ ಹೋಗಿದ್ದ ಪರ್ಸಿವಿಯರೆನ್ಸ್ ರೋವರ್ (ನೆಲದ ಮೇಲೆ ಓಡುವ ಗಾಡಿ) ಹೆಚ್ಚುಕಡಿಮೆ ಇಡೀ ದಿನ ಅದರ ಕರೆಗೆ ಕಿವಿಗೊಟ್ಟು ಕೂತಿತ್ತು. ಇದನ್ನು ನಾನು ಕಥೆಯಲ್ಲಿ ಬರೆದಿದ್ದರೆ ಜಾಸ್ತಿ ಭಾವುಕ ಆಯಿತು ಅಂತ ನಾನೇ ಹೊಡೆದುಹಾಕುತ್ತಿದ್ದೆ.

ಚಳಿಯ ಊರು ಅಂದಮೇಲೆ ಮೋಟಾರ್ ತಣ್ಣಗಿರುತ್ತದೆ ಅನ್ನಬೇಡಿ. ಬಿಸಿ ಒಯ್ಯಲು ಗಾಳಿ ಬೇಕು, ಅದೇ ಇಲ್ಲ. ಹಾರುವಾಗ ಇಂಜೆನ್ಯುಯಿಟಿಯ ಮೋಟಾರ್ ಸೆಕೆಂಡಿಗೆ ಒಂದು ಡಿಗ್ರಿಯಂತೆ ಬಿಸಿಯಾಗುತ್ತಿತ್ತು. ಇಂಜೆನ್ಯುಯಿಟಿಯ ಅತಿ ಉದ್ದದ ಹಾರಾಟವೂ ಮೂರು ನಿಮಿಷ ಮುಟ್ಟಲಿಲ್ಲ. ನಿಮ್ಮ ಡ್ರೋನ್ ಗಂಟೆಗಟ್ಟಲೆ ಸುತ್ತಬೇಕಾದರೆ ನಡುನಡುವೆ ಇಳಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಎಬ್ಬಿಸಿ. ಇಳಿಯುವ ಪ್ರತಿ ಜಾಗವೂ ಒಂದು ಗಂಡಾಂತರ. ಕಥೆಗೆ ಒಳ್ಳೆಯದೇ.

ಸಿನಿಮಾದಂತೆ ಗಕ್ಕನೆ ನಿಲ್ಲಿಸಲೂ ಬೇಡಿ. ಡ್ರೋನ್ ಬ್ರೇಕ್ ಹಾಕುವುದು ಮೈ ಓರೆ ಮಾಡಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುವಾಗ 20 ಡಿಗ್ರಿ ಓರೆ ಮಾಡಿದರೆ ಭೂಮಿಯಲ್ಲಿ 14 ಮೀಟರ್‌ಗೆ ನಿಲ್ಲುತ್ತದೆ. ಮಂಗಳನಲ್ಲಿ ತೂಕ ಕಡಿಮೆ, ಎತ್ತುವ ಬಲವೂ ಅದಕ್ಕೆ ತಕ್ಕಂತೆ ಕಡಿಮೆ, ಆದರೆ ಓಡುತ್ತಿರುವ ಮೈ ಅಷ್ಟೇ. 37 ಮೀಟರ್ ಬೇಕು. ಬಂಡೆಯ ಮುಂದೆ ನಿಂತಿರುವ ನಿಮ್ಮ ನಾಯಕಿಗೆ ಇದು ಗೊತ್ತಿರಲಿ. ಬಿರುಗಾಳಿ ಬಂದು ಡ್ರೋನನ್ನು ನುಚ್ಚುನೂರು ಮಾಡುವುದೂ ಬೇಡ. ಅಲ್ಲಿ ಗಂಟೆಗೆ 100 ಕಿ.ಮೀ. ಬೀಸಿದರೆ ತಳ್ಳುವ ಬಲ ನಮ್ಮ 12 ಕಿ.ಮೀ. ಗಾಳಿಯಷ್ಟು. ಲುಂಗಿ ಅಲ್ಲಾಡೀತು.

ದಾರಿ ಹುಡುಕುವ ಮಾತಿಗೆ ಬಂದರೆ ನನ್ನದೇ ಗಾಯ ಇದೆ. ಗದ್ದೆ ಅಳೆಯಲು ಒಂದು ಪುಟ್ಟ ಡ್ರೋನ್ ಇಟ್ಟಿದ್ದೆ. ನಾಟಿ ಆಗಿ ವಾರವಾಗಿದ್ದ ಗದ್ದೆ, ಕನ್ನಡಿಯಂತೆ ನಿಂತ ನೀರು. ತೆಂಗಿನ ಮರದಡಿ ನಿಂತು ಜಿಪಿಎಸ್ ಸಿಗುವ ಮೊದಲೇ ಹಾರಿಸಿದೆ. ಹೊಟ್ಟೆಯ ಕ್ಯಾಮೆರಾ ನೆಲದ ಗುರುತು ನೋಡಿ ಒಂದೇ ಕಡೆ ನಿಲ್ಲಬೇಕು. ನೀರಲ್ಲಿ ಗುರುತೆಲ್ಲಿ? ಮೋಡದ ನೆರಳಿನ ಜೊತೆ ಮೆಲ್ಲಗೆ ಜಾರುತ್ತಾ ಹೋಗಿ ಬದುವಿಗೆ ಬಡಿಯಿತು. ಗದ್ದೆಯ ಯಜಮಾನರು "ಇದಕ್ಕಿಂತ ಕೊಕ್ಕರೆ ವಾಸಿ" ಅಂದರು.

2024ರ ಜನವರಿ 18ರಂದು ಇಂಜೆನ್ಯುಯಿಟಿಗೆ ಆಗಿದ್ದೂ ಇದೇ ಜಾತಿಯ ತಾಪತ್ರಯ. ಮಂಗಳನಲ್ಲಿ ಜಿಪಿಎಸ್ ಇಲ್ಲ. ದಿಕ್ಸೂಚಿಯೂ ಸುಮ್ನೆ, ಇಡೀ ಗ್ರಹಕ್ಕೆ ಭೂಮಿಯಂಥ ಕಾಂತಕ್ಷೇತ್ರ ಇಲ್ಲ. ಕ್ಯಾಮೆರಾವೇ ಗತಿ. ಗುರುತೇ ಕಾಣದ ಮರಳ ಅಲೆಗಳ ಮೇಲೆ ಅದಕ್ಕೆ ತನ್ನ ವೇಗವೇ ತಿಳಿಯಲಿಲ್ಲ. ಅಡ್ಡಡ್ಡ ಜಾರಿಕೊಂಡು ಇಳಿದು ಬ್ಲೇಡ್ ಮುರಿದುಕೊಂಡಿತು. ರಿಮೋಟ್ ಹಿಡಿದು ಕಾಪಾಡೋಣ ಅಂದರೆ ಭೂಮಿಯಿಂದ ಮಾತು ಮುಟ್ಟಲು 3ರಿಂದ 22 ನಿಮಿಷ. ಆದ್ದರಿಂದ ನಿಮ್ಮ ಪೈಲಟ್ ಮಂಗಳನ ಮೇಲೇ ಇರಬೇಕು, ಇಲ್ಲವೇ ಡ್ರೋನ್ ತಾನೇ ನಿರ್ಧರಿಸಬೇಕು.

ಶಬ್ದದ ಬಗ್ಗೆ ಒಂದು ಮಾತು. 2021ರ ಏಪ್ರಿಲ್ 30ರಂದು ರೋವರ್‌ನ ಮೈಕ್ 80 ಮೀಟರ್ ದೂರದಿಂದ ಇಂಜೆನ್ಯುಯಿಟಿಯ ಸದ್ದು ಹಿಡಿಯಿತು. ಕ್ಷೀಣವಾದ, ತಗ್ಗಿದ ಗುಂಯ್ ಸದ್ದು, 84 ಹರ್ಟ್ಸ್. ಕೀಚಲು ದನಿಯನ್ನು ಅಲ್ಲಿನ ಗಾಳಿ ನುಂಗಿಬಿಡುತ್ತದೆ. ಜೇನುಹುಳದ ಹೋಲಿಕೆ ಕೈಬಿಡಿ.

ನನ್ನ ಕಥೆ ಈಗ ಹೀಗಿದೆ. ಡ್ರೋನ್ ಅಂಗಳದಷ್ಟು ಅಗಲ, ಹೊರುವುದು 3 ಕೆ.ಜಿ. ಮಾತ್ರ. ಔಷಧಿ ಮುಟ್ಟಿಸಲು ಐದು ದಿನ, ದಿನಕ್ಕೊಂದೇ ಸಲ. ಬೆಳಿಗ್ಗೆ ಬೇಗ ಹಾರಿಸಿದರೆ ಗಾಳಿ ದಟ್ಟ, ಆದರೆ ಬ್ಯಾಟರಿ ತಣ್ಣಗೆ. ಹೊತ್ತೇರಿದರೆ ಬ್ಯಾಟರಿ ಚೆನ್ನ, ಗಾಳಿ ತೆಳು. ಮೊದಲ ದಿನ ಏನು ಕಳಿಸಬೇಕು ಅಂತ ಶಿಬಿರದವರು ಜಗಳಕ್ಕೆ ಬಿದ್ದಿದ್ದಾರೆ. ಮೂರನೇ ದಿನದ ದಾರಿಯಲ್ಲಿ ಮರಳು ಇದೆ.