ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲ್ ಫಲಿತಾಂಶ ಓದುವುದು ಹೇಗೆ?

2023ರ ಮೇ ತಿಂಗಳು. ಪೂರ್ವ ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿರುವ ನನ್ನ ತಂಗಿ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಅವಳ ವಾರ್ಡಿನ ಚುನಾವಣಾ ಫಲಿತಾಂಶದ ಹಾಳೆ. ಒಂದಿಷ್ಟು ಹೆಸರು, ಪಕ್ಕದಲ್ಲಿ ಪಕ್ಷ, ಅದರ ಪಕ್ಕ ಮತ, ಎರಡು ಹೆಸರುಗಳ ಎದುರು ‘ಆಯ್ಕೆಯಾಗಿದ್ದಾರೆ’ ಎಂಬ ಗುರುತು. ಕೆಳಗೆ ಅವಳ ಪ್ರಶ್ನೆ: “ಅಕ್ಕಾ, ಪೆಟ್ಟಿಗೆಗೆ ಬಿದ್ದ ಮತಪತ್ರಕ್ಕಿಂತ ಎಣಿಸಿದ ಮತವೇ ಜಾಸ್ತಿ ಇದೆಯಲ್ಲ, ಇದೇನು ಗೋಲ್‌ಮಾಲ್?”

ಗೋಲ್‌ಮಾಲ್ ಏನೂ ಇರಲಿಲ್ಲ. ಹಾಳೆ ಓದುವ ಕ್ರಮ ಗೊತ್ತಿರಲಿಲ್ಲ, ಅಷ್ಟೆ. ಆವತ್ತು ಫೋನಿನಲ್ಲಿ ಮುಕ್ಕಾಲು ಗಂಟೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ಹೇಳುವುದು ಮುಖ್ಯವಾಗಿ ಒಂದೇ: ಟಿವಿಯ ತಲೆಬರಹದಿಂದ ಕೆಳಗಿಳಿದು ಬರಬೇಡಿ, ವಾರ್ಡಿನ ಹಾಳೆಯಿಂದ ಮೇಲಕ್ಕೆ ಹತ್ತಿ.

ಹೆಜ್ಜೆ 1: ಇದು ಯಾವ ಕೌನ್ಸಿಲ್ ಎಂದು ಖಚಿತಪಡಿಸಿಕೊಳ್ಳಿ

ಡಿಸ್ಟ್ರಿಕ್ಟ್ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಜಿಲ್ಲೆ. ಎಡವುವುದೇ ಇಲ್ಲಿ. ಇಂಗ್ಲೆಂಡಿನಲ್ಲಿ ಜಿಲ್ಲೆಯ ಜಾಗದಲ್ಲಿರುವುದು ಕೌಂಟಿ; ಅದರ ಒಳಗಿನ ಡಿಸ್ಟ್ರಿಕ್ಟನ್ನು ತಾಲ್ಲೂಕು ಎಂದುಕೊಂಡರೆ ಚಿತ್ರ ಸರಿಯಾಗಿ ಮೂಡುತ್ತದೆ. ಹಳ್ಳಿಗಾಡಿನಲ್ಲಿ ಅದಕ್ಕೂ ಕೆಳಗೆ ಪ್ಯಾರಿಷ್ ಕೌನ್ಸಿಲ್ ಇರುತ್ತದೆ, ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಈ ಕೌಂಟಿ-ಡಿಸ್ಟ್ರಿಕ್ಟ್ ವ್ಯವಸ್ಥೆ ಈಗಿನ ರೂಪಕ್ಕೆ ಬಂದದ್ದು 1972ರ ಸ್ಥಳೀಯ ಸರ್ಕಾರ ಕಾಯ್ದೆಯಿಂದ. ಜಾರಿಯಾದದ್ದು 1974ರ ಏಪ್ರಿಲ್ 1ರಂದು. ದೇಶದ ಎಲ್ಲ ಕಡೆ ಹೀಗಿಲ್ಲ. ಲಂಡನ್, ಮ್ಯಾಂಚೆಸ್ಟರ್‌ಗಳಂಥ ದೊಡ್ಡ ಪಟ್ಟಣಗಳಲ್ಲೂ ಇನ್ನು ಕೆಲವು ಪ್ರದೇಶಗಳಲ್ಲೂ ಕೌಂಟಿ, ಡಿಸ್ಟ್ರಿಕ್ಟ್ ಎರಡರ ಕೆಲಸವನ್ನೂ ಒಂದೇ ಕೌನ್ಸಿಲ್ ನೋಡಿಕೊಳ್ಳುತ್ತದೆ.

ಹೆಸರಿನಲ್ಲಿ ‘ಬರೋ’ (borough, ಅಂದರೆ ಪಟ್ಟಣ) ಎಂದಿರಲಿ, ‘ಸಿಟಿ’ ಎಂದಿರಲಿ, ಕೌಂಟಿಯ ಕೆಳಗಿದ್ದರೆ ಕಾನೂನಿನ ಕಣ್ಣಿಗೆ ಅದು ಡಿಸ್ಟ್ರಿಕ್ಟೇ. ಮನೆಯೆದುರಿನ ಕಸದ ಡಬ್ಬಿ ಖಾಲಿ ಮಾಡುವುದು, ಮನೆ ಕಟ್ಟಲು ಅನುಮತಿ ಕೊಡುವುದು, ವಸತಿ, ಈಜುಕೊಳ, ಕೌನ್ಸಿಲ್ ತೆರಿಗೆ ವಸೂಲಿ, ಇವೆಲ್ಲ ಡಿಸ್ಟ್ರಿಕ್ಟಿನ ಪಾಲು. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಆರೈಕೆ ಕೌಂಟಿಯದು. ಕಸದಲ್ಲೂ ಪಾಲಾಗಿದೆ: ಎತ್ತುವುದು ಡಿಸ್ಟ್ರಿಕ್ಟು, ವಿಲೇವಾರಿ ಮಾಡುವುದು ಕೌಂಟಿ. ತೆರಿಗೆಯ ಬಿಲ್ಲು ಬರುವುದು ಡಿಸ್ಟ್ರಿಕ್ಟಿನ ಹೆಸರಿನಲ್ಲಿ, ಆದರೆ ಆ ಹಣದ ದೊಡ್ಡ ಪಾಲು ಹೋಗುವುದು ಕೌಂಟಿಗೆ. ಹಾಗಾಗಿ ರಸ್ತೆ ಗುಂಡಿಯ ಸಿಟ್ಟನ್ನು ಡಿಸ್ಟ್ರಿಕ್ಟ್ ಸದಸ್ಯನ ಮೇಲೆ ತೀರಿಸಿಕೊಳ್ಳುವವರು ಅಲ್ಲೂ ಬೇಕಾದಷ್ಟು ಮಂದಿ ಇದ್ದಾರೆ.

ಹೆಜ್ಜೆ 2: ಎಷ್ಟು ಸೀಟಿಗೆ ಚುನಾವಣೆ ನಡೆದಿದೆ ನೋಡಿ

ಸದಸ್ಯರ ಅವಧಿ 4 ವರ್ಷ. ಬಹುಪಾಲು ಡಿಸ್ಟ್ರಿಕ್ಟುಗಳಲ್ಲಿ 4 ವರ್ಷಕ್ಕೊಮ್ಮೆ ಎಲ್ಲ ಸೀಟಿಗೂ ಒಟ್ಟಿಗೆ ಚುನಾವಣೆ. ಕೆಲವು ಕಡೆ ಹಾಗಲ್ಲ, ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ. ನಾರ್ವಿಚ್ ಸಿಟಿ ಕೌನ್ಸಿಲ್ ನೋಡಿ: 13 ವಾರ್ಡು, ವಾರ್ಡಿಗೆ 3ರಂತೆ 39 ಸೀಟು. ಒಂದು ಸಲಕ್ಕೆ ಮತದಾನ ನಡೆಯುವುದು 13ಕ್ಕೆ. ಅಲ್ಲಿ ಒಂದು ಪಕ್ಷ 9 ಗೆದ್ದಿತು ಎಂದು ಓದಿದ ತಕ್ಷಣ ‘39ರಲ್ಲಿ ಬರೀ 9’ ಎಂದು ತೀರ್ಮಾನಿಸಿದರೆ ಲೆಕ್ಕ ಕೆಟ್ಟಿತು. ಉಳಿದ 26 ಸೀಟುಗಳಲ್ಲಿ ಹಿಂದೆ ಗೆದ್ದವರು ಹಾಗೇ ಕೂತಿರುತ್ತಾರೆ. ಆದ್ದರಿಂದ ಯಾವುದೇ ಫಲಿತಾಂಶದಲ್ಲಿ ಎರಡು ಸಂಖ್ಯೆ ಹುಡುಕಿ: ಈ ಸಲ ಗೆದ್ದದ್ದೆಷ್ಟು, ಗೆದ್ದ ಮೇಲೆ ಕೌನ್ಸಿಲಿನಲ್ಲಿ ಒಟ್ಟು ಇರುವುದೆಷ್ಟು.

ಹೆಜ್ಜೆ 3: ವಾರ್ಡಿನ ಹಾಳೆಯನ್ನು ಬೆರಳಿಟ್ಟು ಓದಿ

ತಂಗಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಒಂದು ವಾರ್ಡಿನಿಂದ ಒಬ್ಬರೇ ಆರಿಸಿ ಬರಬೇಕೆಂದಿಲ್ಲ. ಇಬ್ಬರು, ಮೂವರೂ ಬರಬಹುದು. ಎಷ್ಟು ಸೀಟೋ ಅಷ್ಟು ಮತ ಪ್ರತಿ ಮತದಾರರ ಕೈಯಲ್ಲಿರುತ್ತದೆ. ಮತಪತ್ರ ಮಾತ್ರ ಒಂದೇ. ಎರಡು ಸೀಟಿದ್ದರೆ ಎರಡು ಹೆಸರಿನ ಮುಂದೆ ಇಂಟು ಮಾರ್ಕ್ ಹಾಕಬಹುದು, ಬೇಡವೆಂದರೆ ಒಂದೇ ಹಾಕಿ ಬರಬಹುದು. ಅತಿ ಹೆಚ್ಚು ಮತ ಪಡೆದ ಮೊದಲ ಇಬ್ಬರು ಗೆದ್ದರು. ಪ್ರಾಶಸ್ತ್ಯದ ಮತ, ಎರಡನೇ ಸುತ್ತು, ಇಂಥ ಯಾವ ತೊಡಕೂ ಇಲ್ಲ.

ಅರ್ಥವಾಗಲೆಂದು ಒಂದು ಊಹೆಯ ವಾರ್ಡು ತೆಗೆದುಕೊಳ್ಳೋಣ. ಸೀಟು 2, ಮತದಾರರು 2,500, ಪೆಟ್ಟಿಗೆಗೆ ಬಿದ್ದ ಮತಪತ್ರ 1,000. ‘ಅ’ ಪಕ್ಷದಿಂದ ಇಬ್ಬರು ನಿಂತಿದ್ದಾರೆ: ಒಬ್ಬರಿಗೆ 600, ಇನ್ನೊಬ್ಬರಿಗೆ 560. ‘ಬ’ ಪಕ್ಷದ ಒಬ್ಬರೇ ಅಭ್ಯರ್ಥಿಗೆ 420. ಪಕ್ಷೇತರರಿಗೆ 270. ಕೂಡಿಸಿ, 1,850 ಆಯಿತು. ಸಾವಿರ ಕಾಗದದಲ್ಲಿ 1,850 ಮತ! ಎಲ್ಲರೂ ಎರಡೆರಡು ಹಾಕಿದ್ದರೆ 2,000 ಆಗಬೇಕಿತ್ತು. 150 ಮಂದಿ ಒಂದೇ ಹಾಕಿ ಬಂದಿದ್ದಾರೆ ಎಂದಾಯಿತು.

ಈಗ ಮತದಾನ ಪ್ರಮಾಣ. ಮತಗಳ ಮೊತ್ತವನ್ನು ಹಿಡಿದರೆ 74 ಪರ್ಸೆಂಟ್ ಬರುತ್ತದೆ, ಅದು ತಪ್ಪು. ಮತಪತ್ರದ ಸಂಖ್ಯೆಯನ್ನು ಹಿಡಿಯಬೇಕು: 2,500ರಲ್ಲಿ 1,000, ಅಂದರೆ 40 ಪರ್ಸೆಂಟ್. ಅಲ್ಲಿನ ಸ್ಥಳೀಯ ಚುನಾವಣೆಗಳಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಬ್ಬರು ಮತ ಹಾಕಿದರೆ ಹೆಚ್ಚು. ಎಲ್ಲಾದರೂ 70ರ ಮೇಲೆ ಕಂಡರೆ ಯಾರೋ ತಪ್ಪು ಸಾಲನ್ನು ಭಾಗಿಸಿದ್ದಾರೆ ಎಂದು ಶಂಕಿಸಿ.

ಪಕ್ಷಕ್ಕೆ ಬಿದ್ದ ಪಾಲು ಲೆಕ್ಕ ಹಾಕುವಾಗಲೂ ಇದೇ ಎಚ್ಚರ ಬೇಕು. ‘ಅ’ ಪಕ್ಷದ ಇಬ್ಬರ ಮತ ಕೂಡಿಸಿ 1,160, ಒಟ್ಟು 1,850, ಹಾಗಾಗಿ ಸುಮಾರು 63 ಪರ್ಸೆಂಟ್ ಎನ್ನುವವರಿದ್ದಾರೆ. ಇದು ಅನ್ಯಾಯ, ಏಕೆಂದರೆ ‘ಬ’ ಪಕ್ಷ ನಿಲ್ಲಿಸಿದ್ದೇ ಒಬ್ಬರನ್ನು. ಪ್ರತಿ ಪಕ್ಷದಿಂದ ಅತಿ ಹೆಚ್ಚು ಮತ ಪಡೆದ ಒಬ್ಬರನ್ನು ಮಾತ್ರ ತೆಗೆದುಕೊಳ್ಳಿ: 600, 420, 270. ಆಗ ‘ಅ’ ಪಕ್ಷದ ಪಾಲು 46.5 ಪರ್ಸೆಂಟ್. ಎರಡು ವಿಧಾನದ ನಡುವೆ 16 ಪರ್ಸೆಂಟಿಗೂ ಹೆಚ್ಚು ಅಂತರ. ಯಾರಾದರೂ ಮತ ಹಂಚಿಕೆಯ ಚಿತ್ರಪಟ ತೋರಿಸಿದರೆ ಮೊದಲು ಕೇಳಬೇಕಾದದ್ದು, ಯಾವ ವಿಧಾನದಲ್ಲಿ ಎಣಿಸಿದಿರಿ ಎಂದು.

ಹೆಸರುಗಳು ಮನೆತನದ ಹೆಸರಿನ ಅಕ್ಷರಾನುಕ್ರಮದಲ್ಲಿರುತ್ತವೆ, ಮತಪತ್ರದಲ್ಲೂ ಅದೇ ಕ್ರಮ. ಒಂದೇ ಪಕ್ಷದ ಇಬ್ಬರಲ್ಲಿ ಮೇಲಿರುವವರಿಗೆ ನಾಲ್ಕು ಮತ ಜಾಸ್ತಿ ಬೀಳುವುದು ಎಷ್ಟೋ ವಾರ್ಡುಗಳಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಳೆಯ ಕೊನೆಯಲ್ಲಿ ತಿರಸ್ಕೃತ ಮತಪತ್ರಗಳ ಪಟ್ಟಿ ಇರುತ್ತದೆ. ಬಹಳ ಜನ ಇದನ್ನು ಹಾರಿಸಿಬಿಡುತ್ತಾರೆ. ನನಗೆ ಇದು ತುಂಬ ಬೇಕಾದ ಭಾಗ. ಕಾರಣಗಳು ನಾಲ್ಕು: ಅಧಿಕೃತ ಗುರುತಿಲ್ಲದ್ದು, ಇರುವ ಸೀಟಿಗಿಂತ ಹೆಚ್ಚು ಜನರಿಗೆ ಮತ ಹಾಕಿದ್ದು, ಮತದಾರ ಯಾರೆಂದು ಗೊತ್ತಾಗುವ ಹಾಗೆ ಏನಾದರೂ ಬರೆದದ್ದು, ಖಾಲಿ ಬಿಟ್ಟದ್ದು ಅಥವಾ ಮನಸ್ಸು ಸ್ಪಷ್ಟವಿಲ್ಲದ್ದು. ಗೆಲುವಿನ ಅಂತರ 5 ಮತ, ತಿರಸ್ಕೃತ 20 ಎಂದಿದ್ದರೆ ಆ ವಾರ್ಡಿನಲ್ಲಿ ಮರುಎಣಿಕೆಗೆ ಯಾಕೆ ಪಟ್ಟು ಹಿಡಿದರು ಎಂದು ಬೇರೆ ಕೇಳಬೇಕಿಲ್ಲ.

ಎಣಿಕೆ ಇವಿಎಂನಲ್ಲಿ ಅಲ್ಲ, ಪೂರ್ತಿ ಕೈಯಲ್ಲೇ. ಗುರುವಾರ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ; ಕೆಲವು ಕಡೆ ರಾತ್ರಿಯೇ, ಹಲವೆಡೆ ಶುಕ್ರವಾರ ಎಣಿಕೆ. ಮೊದಲು ಪೆಟ್ಟಿಗೆ ಸುರಿದು ಕಾಗದ ಎಷ್ಟಿದೆ ಎಂದು ತಾಳೆ ನೋಡುತ್ತಾರೆ, ಆಮೇಲೆ ಮತ. ಎರಡು ಮೂರು ಸೀಟಿನ ವಾರ್ಡಿನಲ್ಲಿ ಒಂದೇ ಪಕ್ಷಕ್ಕೆ ಎಲ್ಲ ಮತ ಹಾಕಿದ ಕಾಗದಗಳನ್ನು ಬೇರೆ ಕಟ್ಟು ಕಟ್ಟುತ್ತಾರೆ. ಬೆರಕೆ ಮತಗಳದ್ದೇ ಕಷ್ಟ. ಅವನ್ನು ಉದ್ದನೆಯ ಎಣಿಕೆ ಹಾಳೆಯ ಮೇಲೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ, ಇಂಟು ಮಾರ್ಕ್ ಮಾತ್ರ ಕಾಣುವ ಹಾಗೆ ಸಾಲಾಗಿ ಜೋಡಿಸಿ ಅಡ್ಡಡ್ಡ ಎಣಿಸುತ್ತಾರೆ. ಜೋಡಿಸಿದ ಕಾಗದ ಇಳಿಬಿದ್ದ ಹುಲ್ಲಿನಂತೆ ಕಾಣುವುದರಿಂದ ಆ ಹಾಳೆಗೆ ಅಲ್ಲಿನ ಸಿಬ್ಬಂದಿ ‘ಹುಲ್ಲಿನ ಲಂಗ’ ಎನ್ನುತ್ತಾರೆ. ಫಲಿತಾಂಶ ತಡವಾಗುತ್ತಿದೆ ಎಂದರೆ ಬಹಳ ಸಲ ಕಾರಣ ಈ ಲಂಗವೇ.

ಹೆಜ್ಜೆ 4: ಬಹುಮತದ ಗೆರೆ ಎಳೆದು, ಹಿಂದಿನ ಸಲಕ್ಕೆ ಹೋಲಿಸಿ

ಈಗ ಒಂದು ನಿಜವಾದ ಫಲಿತಾಂಶ. ಸಫೋಕ್ ಕೌಂಟಿಯ ಮಿಡ್ ಸಫೋಕ್ ಡಿಸ್ಟ್ರಿಕ್ಟ್; ಸ್ಟೋಮಾರ್ಕೆಟ್ ಅಲ್ಲಿನ ಮುಖ್ಯ ಪಟ್ಟಣ, ಸುತ್ತ ಹೊಲಗದ್ದೆ, ಹಳ್ಳಿ. ಒಟ್ಟು 34 ಸೀಟು, ಬಹುಮತಕ್ಕೆ 18. 2019ರಲ್ಲಿ ಕನ್ಸರ್ವೇಟಿವ್ 16, ಗ್ರೀನ್ 12, ಲಿಬರಲ್ ಡೆಮಾಕ್ರಾಟ್ 5, ಪಕ್ಷೇತರ 1. ಯಾರೂ 18 ಮುಟ್ಟಲಿಲ್ಲ. ಇಂಥ ಕೌನ್ಸಿಲಿನ ಮುಂದೆ ಪತ್ರಿಕೆಗಳು ‘ಯಾರ ಹಿಡಿತವೂ ಇಲ್ಲ’ ಎಂದು ಬರೆಯುತ್ತವೆ. ನಮ್ಮ ಮಾತಿನಲ್ಲಿ ಅತಂತ್ರ.

2023ರ ಮೇ 4ರಂದು ಅದೇ 34 ಸೀಟಿಗೆ ಮತ್ತೆ ಚುನಾವಣೆ. ಗ್ರೀನ್ 24, ಕನ್ಸರ್ವೇಟಿವ್ 6, ಲಿಬರಲ್ ಡೆಮಾಕ್ರಾಟ್ 4. ಗ್ರೀನ್ ಪಕ್ಷ ದುಪ್ಪಟ್ಟಾಯಿತು, ಕನ್ಸರ್ವೇಟಿವ್ 10 ಕಳೆದುಕೊಂಡಿತು. ಇಂಗ್ಲೆಂಡಿನಲ್ಲಿ ಗ್ರೀನ್ ಪಕ್ಷಕ್ಕೆ ಒಂದು ಕೌನ್ಸಿಲಿನಲ್ಲಿ ಸ್ವಂತ ಬಹುಮತ ಸಿಕ್ಕಿದ್ದು ಅದೇ ಮೊದಲು. ಇಂಥ ಕಡೆ ‘ಅತಂತ್ರದಿಂದ ಗ್ರೀನ್ ಗಳಿಕೆ’ ಎಂದು ದಾಖಲಾಗುತ್ತದೆ. ಆಳುತ್ತಿದ್ದ ಪಕ್ಷವೇ ಮತ್ತೆ ಗೆದ್ದರೆ ‘ಉಳಿಕೆ’.

ಹೋಲಿಸುವಾಗ ಒಂದು ಎಚ್ಚರ. 2019ಕ್ಕೆ ಮುಂಚೆ ಮಿಡ್ ಸಫೋಕ್‌ನಲ್ಲಿ 40 ಸೀಟಿತ್ತು. ಗಡಿ ಪುನರ್ವಿಂಗಡಣೆಯಾಗಿ 34ಕ್ಕೆ ಇಳಿಯಿತು. ಆದ್ದರಿಂದ 2015ರ ಅಂಕಿಯನ್ನು 2019ರ ಪಕ್ಕ ಹಾಗೇ ಇಟ್ಟರೆ ಸೋಲಲ್ಲದ್ದೂ ಸೋಲಾಗಿ ಕಾಣುತ್ತದೆ. ಹಳೆಯ ಅಂಕಿ ಎತ್ತಿಕೊಳ್ಳುವ ಮೊದಲು ಒಟ್ಟು ಸೀಟು ಅಷ್ಟೇ ಇದೆಯೇ, ವಾರ್ಡಿನ ಹೆಸರುಗಳು ಅವೇ ಇವೆಯೇ ನೋಡಿ.

ಒಂದೇ ಸೀಟು ಎಷ್ಟು ಭಾರ ಎನ್ನುವುದಕ್ಕೆ 2017ರ ನಾರ್ಥಂಬರ್‌ಲ್ಯಾಂಡ್ ಸಾಕ್ಷಿ. ಅದು ಡಿಸ್ಟ್ರಿಕ್ಟ್ ಅಲ್ಲ, ಕೌಂಟಿ ಕೌನ್ಸಿಲ್, ಆದರೆ ನಿಯಮ ಒಂದೇ. 67 ಸೀಟು, ಬಹುಮತಕ್ಕೆ 34. ಸೌತ್ ಬ್ಲೈತ್ ವಾರ್ಡಿನಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿಗಳಿಗೆ ಸಮ ಸಮ ಮತ. ಮರುಎಣಿಕೆ ಮಾಡಿದರೂ ಸಮವೇ. ಕಾನೂನಿನ ಪ್ರಕಾರ ಅದೃಷ್ಟಕ್ಕೆ ಬಿಡಬೇಕು. ನಾವಾದರೆ ಚೀಟಿ ಎತ್ತುತ್ತಿದ್ದೆವು. ಅಲ್ಲಿ ಹುಲ್ಲುಕಡ್ಡಿ ಎಳೆಸಿದರು. ಕಡ್ಡಿ ಲಿಬರಲ್ ಡೆಮಾಕ್ರಾಟ್ ಕಡೆಗೆ ಬಿತ್ತು. ಕನ್ಸರ್ವೇಟಿವ್ 33ಕ್ಕೆ ನಿಂತಿತು, ಬಹುಮತ ಕೈತಪ್ಪಿತು.

ಹೆಜ್ಜೆ 5: ಯಾರು ಆಳುತ್ತಾರೆ ಎಂದು ಕಾದು ನೋಡಿ

ಗೆದ್ದವರು ಅಧಿಕಾರಕ್ಕೆ ಬರುವುದು ಮತದಾನ ಮುಗಿದ ನಾಲ್ಕನೇ ದಿನ, ಅಂದರೆ ಸೋಮವಾರ. ಆಮೇಲೆ ಮೇ ತಿಂಗಳಲ್ಲೇ ವಾರ್ಷಿಕ ಸಭೆ ಸೇರುತ್ತದೆ. ಸಭೆ ನಡೆಸುವ ಅಧ್ಯಕ್ಷರು ಬೇರೆ, ಆಡಳಿತ ನಡೆಸುವ ನಾಯಕರು ಬೇರೆ. ಹೆಸರು ಓದುವಾಗ ಇದನ್ನು ಬೆರೆಸಬೇಡಿ. ಬಹುಮತ ಇದ್ದರೆ ನಾಯಕರ ಆಯ್ಕೆ ಸಲೀಸು. ಮಿಡ್ ಸಫೋಕ್‌ನಲ್ಲಿ ಗ್ರೀನ್ ಪಕ್ಷದ ಆ್ಯಂಡ್ರೂ ಮೆಲೆನ್ ನಾಯಕರಾದರು. ಅತಂತ್ರವಾದರೆ ಮಾತುಕತೆಯ ಕಾಲ. ಅತಿ ಹೆಚ್ಚು ಸೀಟು ಗೆದ್ದ ಪಕ್ಷವೇ ಹೊರಗೆ ಕೂರುವುದೂ ಉಂಟು, ಹಾಗಾಗಿ ಶುಕ್ರವಾರದ ‘ಅತಿ ದೊಡ್ಡ ಪಕ್ಷ’ ಎಂಬ ಸುದ್ದಿಯನ್ನು ಗೆಲುವೆಂದು ಓದಬೇಡಿ.

ಹೆಜ್ಜೆ 6: ಊರಿನ ಗಾಳಿ ಎಷ್ಟು, ದೇಶದ ಗಾಳಿ ಎಷ್ಟು?

2023ರಲ್ಲಿ ದೇಶದ ಗಾಳಿ ಜೋರಾಗಿಯೇ ಬೀಸಿತ್ತು. ಇಂಗ್ಲೆಂಡಿನ 230 ಕೌನ್ಸಿಲ್‌ಗಳಲ್ಲಿ ಚುನಾವಣೆ ನಡೆದು, ಆಗ ದೇಶವನ್ನು ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷ ಸಾವಿರಕ್ಕೂ ಹೆಚ್ಚು ಸೀಟು ಕಳೆದುಕೊಂಡಿತು. ಆದರೆ ಅಷ್ಟನ್ನೇ ಹೇಳಿದರೆ ಮಿಡ್ ಸಫೋಕ್ ಅರ್ಥವಾಗುವುದಿಲ್ಲ. ಕನ್ಸರ್ವೇಟಿವ್ ಬೇಡವಾಗಿದ್ದಕ್ಕೆ ಮತ ಹೋಗಬೇಕಾದದ್ದು ದೇಶದ ಪ್ರಮುಖ ವಿರೋಧ ಪಕ್ಷವಾಗಿದ್ದ ಲೇಬರ್‌ಗೆ. ಅಲ್ಲಿ ಲೇಬರ್‌ಗೆ ಸಿಕ್ಕಿದ್ದು ಸೊನ್ನೆ. ನಾಲ್ಕು ವರ್ಷ ಮೊದಲೇ 12 ಗೆದ್ದು ನೆಲೆಯೂರಿದ್ದ ಗ್ರೀನ್ ಪಕ್ಷಕ್ಕೆ ಜನ ಒಲಿದರು. 2024ರ ಜುಲೈನಲ್ಲಿ ಸಂಸತ್ ಚುನಾವಣೆ ಬಂದಾಗ, ಮಿಡ್ ಸಫೋಕ್‌ನ ಒಂದು ಭಾಗವೂ ಸೇರಿರುವ ವೇವ್ನಿ ವ್ಯಾಲಿ ಕ್ಷೇತ್ರದಲ್ಲಿ ಗ್ರೀನ್ ಪಕ್ಷದ ಏಡ್ರಿಯನ್ ರ್‍ಯಾಮ್ಸಿ ಗೆದ್ದರು. 2023ರ ವಾರ್ಡಿನ ಹಾಳೆಗಳನ್ನು ಓದಿದ್ದವರಿಗೆ ಅದು ಆಶ್ಚರ್ಯವಾಗಿರಲಾರದು.

ಈ ಡಿಸ್ಟ್ರಿಕ್ಟ್‌ಗಳು ಹೀಗೇ ಉಳಿಯುವುದಿಲ್ಲ ಎಂಬುದೂ ನೆನಪಿರಲಿ. 2024ರ ಡಿಸೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಹೊರಡಿಸಿದ ಶ್ವೇತಪತ್ರದ ಪ್ರಕಾರ ಕೌಂಟಿ, ಡಿಸ್ಟ್ರಿಕ್ಟ್ ಎರಡನ್ನೂ ತೆಗೆದು ಒಂದೇ ಕೌನ್ಸಿಲ್ ಮಾಡುವ ಯೋಜನೆಯಿದೆ. ಮುಂದೆ ಹೋಲಿಕೆಯ ಕೆಲಸ ಇನ್ನೂ ಕಷ್ಟವಾಗಲಿದೆ. ಈಗಿನ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಅಲ್ಲಿರುವ ಕನ್ನಡಿಗರಿಗೆ

ನನ್ನ ತಂಗಿಯ ಹಾಗೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ನೆಲೆಸಿರುವ ಎಷ್ಟೋ ಜನರಿಗೆ ತಮಗೆ ಮತ ಇದೆ ಎಂಬುದೇ ಗೊತ್ತಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಅಲ್ಲಿರಲು ವೀಸಾ ಇದ್ದು, 18 ತುಂಬಿದ್ದರೆ ಕೌನ್ಸಿಲ್ ಚುನಾವಣೆಗೂ ಸಂಸತ್ ಚುನಾವಣೆಗೂ ನೀವು ಮತದಾರರಾಗಬಹುದು. ಕಾಯಂ ವಾಸದ ಅನುಮತಿ ಇದ್ದರೆ ಕೌನ್ಸಿಲಿಗೆ ನಿಲ್ಲಲೂ ಬಹುದು, ಠೇವಣಿ ಇಲ್ಲ. ಕಲಬುರಗಿ ಜಿಲ್ಲೆಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಕೌನ್ಸಿಲಿನ ಸದಸ್ಯರಾಗಿ, ಮೇಯರ್ ಕೂಡ ಆದವರು.

2023ರ ಮೇ ತಿಂಗಳಿಂದ ಇಂಗ್ಲೆಂಡಿನ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ದಾಖಲೆ ತೋರಿಸಬೇಕು. ತಂಗಿ ಭಾರತದ ಪಾಸ್‌ಪೋರ್ಟನ್ನೇ ಒಯ್ದಿದ್ದಳು. ನಡೆಯುತ್ತದೋ ಇಲ್ಲವೋ ಎಂಬ ಅಳುಕಿನಲ್ಲೇ ಸಾಲಿನಲ್ಲಿ ನಿಂತಿದ್ದಳಂತೆ. ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ನಡೆಯುತ್ತದೆ. ಮೇಜಿನ ಹಿಂದಿದ್ದ ಹೆಂಗಸು ಫೋಟೊ ನೋಡಿ, ಮುಖ ನೋಡಿ, ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು ಮತಪತ್ರ ಕೊಟ್ಟರು. ದಾರ ಕಟ್ಟಿದ ಪೆನ್ಸಿಲಿನಲ್ಲಿ ಎರಡು ಇಂಟು ಮಾರ್ಕ್ ಹಾಕಿ ಬಂದಳು. ಪಟ್ಟಿಯಲ್ಲಿ ಹೆಸರು ಸೇರಿಸಲು ಗಡುವು ಮತದಾನಕ್ಕೆ 12 ಕೆಲಸದ ದಿನ ಮುಂಚಿನ ಮಧ್ಯರಾತ್ರಿ. ಆನ್‌ಲೈನಿನಲ್ಲೇ ಮುಗಿಯುವ ಕೆಲಸ, ಏಪ್ರಿಲ್ ಮೊದಲ ವಾರದಲ್ಲೇ ಮಾಡಿಬಿಡಿ.