ಕಾಗದ ಬರೆದ ದಿನ, ಕಾಗದ ಮುಟ್ಟಿದ ದಿನ

ಲೆನಿನ್ ಪರದೇಶದಲ್ಲಿದ್ದಾಗ ರಷ್ಯಾದಲ್ಲಿದ್ದ ತಮ್ಮವರಿಗೆ ಬರೆದ ಕಾಗದಗಳಲ್ಲಿ ಕೆಲವನ್ನು ಕನ್ನಡಕ್ಕೆ ತರೋಣ ಅಂತ ಕೂತಾಗ ಕೆಲಸ ಸುಲಭ ಅಂದುಕೊಂಡಿದ್ದೆ. ಇಂಗ್ಲಿಷ್ ಸಂಪುಟಗಳಲ್ಲಿ ಕಾಗದಗಳು ತಾರೀಖಿನ ಪ್ರಕಾರವೇ ಇವೆ. ಅದೇ ಸಾಲು ಹಿಡಿದು ಅನುವಾದ ಮಾಡುತ್ತಾ ಹೋದೆ. ಸುಮಾರು ನಲವತ್ತು ಕಾಗದ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಓದಿ ನೋಡಿದೆ. ಏನೋ ತಪ್ಪಿದೆ ಅನ್ನಿಸಿತು. ನಾಯಕ ಹೊರಗಿನಿಂದ ಹೇಳುತ್ತಾರೆ, ಒಳಗಿನವರು ಕೇಳಿಸಿಕೊಳ್ಳುತ್ತಾರೆ, ಮರುದಿನವೇ ಮುಂದಿನ ಮಾತು. ಫೋನಿನಲ್ಲಿ ಮಾತಾಡಿದ ಹಾಗಿತ್ತು. ಗಡಿ ದಾಟಬೇಕಾದ ಕಾಗದ ಹಾಗೆಲ್ಲಿ ಓಡಾಡುತ್ತದೆ?

ಎಲ್ಲಿ ತಪ್ಪಿದೆ ಅಂತ ಹೊಳೆದದ್ದು 1901ರ ಒಂದು ಪ್ರಸಂಗದಿಂದ. ಆಗ ಲೆನಿನ್ ಮ್ಯೂನಿಕ್‌ನಲ್ಲಿದ್ದರು. ಹೆಂಡತಿ ನದೆಜ್ದಾ ಕ್ರುಪ್ಸ್ಕಾಯಾ ರಷ್ಯಾದ ಉಫಾ ಊರಿನಲ್ಲಿ ಗಡಿಪಾರಿನ ಅವಧಿ ಮುಗಿಸುತ್ತಿದ್ದರು. ಮ್ಯೂನಿಕ್ ವಿಷಯ ಹೊರಗೆ ಬರಬಾರದು ಅಂತ ಕಾಗದಗಳು ಪ್ರಾಗ್‌ನ ಒಂದು ವಿಳಾಸದ ಮೂಲಕ ಹೋಗಿಬರುತ್ತಿದ್ದವು. ಅವಧಿ ಮುಗಿದದ್ದೇ ಕ್ರುಪ್ಸ್ಕಾಯಾ, ಗಂಡ ಅಲ್ಲೇ ಇದ್ದಾರೆ ಅಂತ ನಂಬಿ, ಪ್ರಾಗ್‌ಗೆ ಹೋದರು. ತಂತಿ ಕೊಟ್ಟಿದ್ದರೂ ಸ್ಟೇಷನ್‌ಗೆ ಯಾರೂ ಬಂದಿರಲಿಲ್ಲ. ವಿಳಾಸ ಹುಡುಕಿ, ಮಹಡಿ ಹತ್ತಿ ಬಾಗಿಲು ತಟ್ಟಿದರೆ ಒಳಗಿದ್ದವನು ಮೊದ್ರಾಚೆಕ್ ಎಂಬ ಚೆಕ್ ಕಾರ್ಮಿಕ. ಕಾಗದ, ಪುಸ್ತಕಗಳನ್ನು ಉಫಾಕ್ಕೆ ದಾಟಿಸುತ್ತಿದ್ದವನು ಅವನೇ. ಅವನು ಮ್ಯೂನಿಕ್‌ನ ರಿಟ್ಮೇಯರ್ ಎಂಬ ಹೆಸರು ಹೇಳಿದ. ಅಲ್ಲಿಗೆ ಹೋದರೆ ಅದು ಬಿಯರ್ ಅಂಗಡಿ. ಗಲ್ಲಾದ ಹಿಂದೆ ನಿಂತಿದ್ದ ದಪ್ಪನೆಯ ಜರ್ಮನ್ ‘ನಾನೇ ರಿಟ್ಮೇಯರ್’ ಅಂದ. ಕೊನೆಗೆ ಅವನ ಹೆಂಡತಿಗೆ ವಿಷಯ ಅರ್ಥವಾಗಿ, ಅಲ್ಲೇ ಇದ್ದ ಲೆನಿನ್ ಕೋಣೆಗೆ ಕರೆದುಕೊಂಡು ಹೋದಳು.

ಹಾಗಾದರೆ ಲೆನಿನ್ ಸರಿಯಾದ ವಿಳಾಸ ಕಳಿಸಿರಲಿಲ್ಲವಾ? ಕಳಿಸಿದ್ದರು, ಒಂದು ಪುಸ್ತಕದೊಳಗೆ ಅಡಗಿಸಿ. ಆ ಪುಸ್ತಕವನ್ನು ಕ್ರುಪ್ಸ್ಕಾಯಾಗೆ ತಲುಪಿಸಬೇಕಾಗಿದ್ದ ಉಫಾದ ಪರಿಚಯದವನು ಓದೋಣ ಅಂತ ತನ್ನ ಹತ್ತಿರವೇ ಇಟ್ಟುಕೊಂಡುಬಿಟ್ಟಿದ್ದ.

ಇದನ್ನು ಓದಿದ ದಿನ ಹೊಸ ನೋಟ್‌ಬುಕ್ ತೆಗೆದು ಗೆರೆ ಎಳೆದೆ. ಮೊದಲ ಕಾಲಂ ಬರೆದ ದಿನಕ್ಕೆ, ಎರಡನೆಯದು ಮುಟ್ಟಿದ ದಿನಕ್ಕೆ, ಮೂರನೆಯದು ಯಾರ ಕೈಯಿಂದ ಹೋಯಿತು ಅನ್ನೋದಕ್ಕೆ. ಮುಟ್ಟಿದ ದಿನ ಸುಮ್ನೆ ಸಿಗೋದಿಲ್ಲ. ಉತ್ತರದಲ್ಲಿ ‘ನಿಮ್ಮ ಇಂಥ ದಿನದ ಕಾಗದ ಬಂತು’ ಅಂತ ಇದ್ದರೆ ಅದನ್ನು ಹಿಡಿದುಕೊಂಡೆ. ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಆ ಸಂಚಿಕೆಯ ದಿನ ಹಾಕಿದೆ. ಯಾವುದೂ ಸಿಗದಿದ್ದರೆ ಖಾಲಿ ಬಿಟ್ಟೆ. ಅಂದಾಜಿನಲ್ಲಿ ತುಂಬಿದರೆ ಆಮೇಲೆ ಅದೇ ನಿಜ ಅಂತ ನನಗೇ ಅನ್ನಿಸಿಬಿಡುತ್ತದೆ.

ಇನ್ನೊಂದು ಮೋಸ ಕ್ಯಾಲೆಂಡರಿನದು. 1918ರ ಫೆಬ್ರವರಿವರೆಗೆ ರಷ್ಯಾದಲ್ಲಿ ಹಳೆಯ ಜೂಲಿಯನ್ ಪಂಚಾಂಗವೇ ನಡೆಯುತ್ತಿತ್ತು. ಇಪ್ಪತ್ತನೇ ಶತಮಾನದಲ್ಲಿ ಅದು ಯುರೋಪಿನದ್ದಕ್ಕಿಂತ 13 ದಿನ ಹಿಂದೆ. ನಾನು ಎಡವಿದ್ದೇ ಇಲ್ಲಿ. 1917ರಲ್ಲಿ ರಷ್ಯಾದ ದೊರೆ ಜಾರ್‌ನನ್ನು ಇಳಿಸಿದ ಕ್ರಾಂತಿಯ ಸುದ್ದಿ ಕೇಳಿದ ಮೇಲೆ ಲೆನಿನ್ ಜ್ಯೂರಿಕ್‌ನಿಂದ ‘ದೂರದಿಂದ ಕಾಗದಗಳು’ ಎಂಬ ತಲೆಬರಹದಲ್ಲಿ ಬರೆಯತೊಡಗಿದರು. ಮೊದಲನೆಯದು ಬರೆದದ್ದು ಮಾರ್ಚ್ 20. ರಷ್ಯಾದ ಆಗಿನ ರಾಜಧಾನಿ ಪೆಟ್ರೊಗ್ರಾಡ್‌ನಲ್ಲಿ, ಅವರ ಬೋಲ್ಷೆವಿಕ್ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ ಅಚ್ಚಾದದ್ದು ಮಾರ್ಚ್ 21 ಮತ್ತು 22. ಒಂದೇ ದಿನಕ್ಕೆ ತಲುಪಿತಾ, ಅದೂ ಯುದ್ಧ ನಡೆಯುತ್ತಿರುವಾಗ? ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ಜ್ಯೂರಿಕ್‌ನ ಮಾರ್ಚ್ 20 ಅಂದರೆ ರಷ್ಯಾದ ಮಾರ್ಚ್ 7. ಬರೆದು ಹದಿನಾಲ್ಕು ದಿನಕ್ಕೆ ಅಚ್ಚಾಗಿದೆ. ಅವತ್ತಿನಿಂದ ಪ್ರತಿ ತಾರೀಖನ್ನೂ ಎರಡೂ ಲೆಕ್ಕದಲ್ಲಿ ಬರೆಯುತ್ತೇನೆ, ಹಳೆಯದು ಕಪ್ಪು ಶಾಯಿಯಲ್ಲಿ, ಹೊಸದು ನೀಲಿಯಲ್ಲಿ.

ಆ ಹದಿನಾಲ್ಕು ದಿನದಲ್ಲಿ ಏನೇನಾಯಿತು ಅನ್ನೋದರ ಮೇಲೆಯೇ ನಾನು ಜಾಸ್ತಿ ಹೊತ್ತು ಕೂತೆ. ಲೆನಿನ್ ಕೈಯಲ್ಲಿದ್ದದ್ದು ಬರೀ ವಿದೇಶಿ ಪತ್ರಿಕೆಗಳ ಸುದ್ದಿ. ಅದನ್ನೇ ನಂಬಿ ಬರೆದು, ಮೊದಲ ಎರಡು ಕಾಗದಗಳನ್ನು ಕ್ರಿಸ್ಟಿಯಾನಿಯಾದಲ್ಲಿದ್ದ, ಅಂದರೆ ಈಗಿನ ಓಸ್ಲೋದಲ್ಲಿದ್ದ, ಪಕ್ಷದ ಸಂಗಾತಿ ಅಲೆಕ್ಸಾಂಡ್ರಾ ಕೊಲ್ಲೊಂಟಾಯ್ ಅವರಿಗೆ ಕಳಿಸಿದರು. ಆಕೆಯೇ ಅವನ್ನು ಪೆಟ್ರೊಗ್ರಾಡ್‌ಗೆ ಮುಟ್ಟಿಸಿದರು. ಅಷ್ಟರಲ್ಲಿ ಅಲ್ಲಿ ‘ಪ್ರಾವ್ದಾ’ ಬೇರೆಯವರ ಕೈಗೆ ಬಂದಿತ್ತು. ಸೈಬೀರಿಯಾದ ಗಡಿಪಾರಿನಿಂದ ಆಗಷ್ಟೇ ಬಂದ ಪಕ್ಷದ ಮುಖಂಡರಾದ ಕಾಮೆನೆವ್, ಸ್ಟಾಲಿನ್ ಅದನ್ನು ನೋಡಿಕೊಳ್ಳುತ್ತಿದ್ದರು. ಅವರು ಮೊದಲ ಕಾಗದವನ್ನು ಹಾಕಿದರು, ಆದರೆ ಸುಮಾರು ಐದನೇ ಒಂದು ಭಾಗ ಕತ್ತರಿಸಿ. ಜಾರ್ ಹೋದ ಮೇಲೆ ಬಂದ ಹೊಸ ಸರ್ಕಾರದ ಜೊತೆ ಹೊಂದಿಕೊಂಡು ಹೋಗುತ್ತಿದ್ದ ಸಮಾಜವಾದಿಗಳ ಮೇಲಿನ ಖಾರದ ಮಾತುಗಳು ಹೋದವು. ಉಳಿದ ಕಾಗದಗಳು ಆಗ ಅಚ್ಚಾಗಲೇ ಇಲ್ಲ. ಎರಡು, ಮೂರು, ನಾಲ್ಕನೆಯವು ಓದುಗರ ಕೈಗೆ ಸಿಕ್ಕಿದ್ದು 1924ರಲ್ಲಿ, ಲೆನಿನ್ ತೀರಿಕೊಂಡ ವರ್ಷ.

ಇದು ಗೊತ್ತಾದ ಮೇಲೆ ನನ್ನ ಅನುವಾದವನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು. ಐದು ಕಾಗದಗಳನ್ನೂ ಒಂದರ ಹಿಂದೆ ಒಂದು ಇಟ್ಟರೆ, ಪೆಟ್ರೊಗ್ರಾಡ್‌ನ ಕಾರ್ಮಿಕ ಎಲ್ಲವನ್ನೂ ಓದಿದ್ದ ಅನ್ನೋ ಹಾಗೆ ಕಾಣುತ್ತದೆ. ಅವನು ಓದಿದ್ದು ಒಂದೇ ಒಂದು, ಅದೂ ಕತ್ತರಿ ಬಿದ್ದದ್ದು. ಹಾಗಾಗಿ ಮೊದಲು ಅಚ್ಚಾದ ರೂಪವನ್ನಷ್ಟೇ ಕೊಟ್ಟೆ. ಪೂರ್ತಿ ಕಾಗದವನ್ನು ಅದರ ನಂತರ ಇಟ್ಟು, ಕತ್ತರಿಸಿದ ಸಾಲುಗಳ ಪಕ್ಕ ಅಂಚಿನಲ್ಲಿ ಗೆರೆ ಎಳೆದೆ. ಮಾರ್ಚ್ ಕಾಗದಗಳನ್ನು ಬರೀ ಬರೆದ ಸಾಲಿನಲ್ಲಿ ಓದಿದರೆ, ಏಪ್ರಿಲ್‌ನಲ್ಲಿ ಲೆನಿನ್ ಪೆಟ್ರೊಗ್ರಾಡ್‌ಗೆ ಬಂದಿಳಿದು, ಹೊಸ ಸರ್ಕಾರಕ್ಕೆ ಬೆಂಬಲ ಬೇಡ ಅಂತ ಮಾತಾಡಿದಾಗ ಅವರ ಪಕ್ಷದವರೇ ಯಾಕೆ ಅಷ್ಟು ಬೆಚ್ಚಿದರು ಅಂತ ಅರ್ಥವೇ ಆಗೋದಿಲ್ಲ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಮೂರನೇ ಕಾಲಂ ಇನ್ನೊಂದು ಕಥೆ ಹೇಳಿತು. 1912ರ ಬೇಸಿಗೆಯಲ್ಲಿ ಲೆನಿನ್ ಪ್ಯಾರಿಸ್ ಬಿಟ್ಟು ಕ್ರಾಕೋವ್‌ಗೆ ಬಂದರು. ಅದು ಆಗ ಆಸ್ಟ್ರಿಯಾದ ಕೈಯಲ್ಲಿತ್ತು, ರಷ್ಯಾದ ಗಡಿ ಹತ್ತಿರ. ಸಂತೆಗೆ ಬರುತ್ತಿದ್ದ ಗಡಿಯಾಚೆಯ ರೈತ ಹೆಂಗಸರ ಕೈಯಲ್ಲಿ ಕಾಗದ ಕೊಟ್ಟರೆ ಅವರು ಅದನ್ನು ರಷ್ಯಾದ ಅಂಚೆಡಬ್ಬಿಗೆ ಹಾಕುತ್ತಿದ್ದರು. ವಿದೇಶಿ ಸ್ಟಾಂಪ್ ಇಲ್ಲದ ಕಾಗದದ ಮೇಲೆ ಪೊಲೀಸರ ಕಣ್ಣು ಬೀಳೋದು ಕಡಿಮೆ. ಆದರೆ ಅಷ್ಟೆಲ್ಲ ಜಾಗ್ರತೆ ಮಾಡಿ ಕಳಿಸಿದವುಗಳಲ್ಲಿ ಎಷ್ಟೋ ರೊಮಾನ್ ಮಾಲಿನೋವ್ಸ್ಕಿ ಕಣ್ಣಿಗೂ ಬೀಳುತ್ತಿದ್ದವು. ರಷ್ಯಾದ ಸಂಸತ್ತಾದ ಡೂಮಾದಲ್ಲಿ ಬೋಲ್ಷೆವಿಕ್ ಸದಸ್ಯ, ಲೆನಿನ್‌ಗೆ ಬಹಳ ಬೇಕಾದವನು, ಪೊಲೀಸರ ಗೂಢಚಾರನೂ ಅವನೇ. ನೋಟ್‌ಬುಕ್‌ನಲ್ಲಿ ಅವನ ಹೆಸರು ಬಂದ ಕಡೆಯೆಲ್ಲ ಪಕ್ಕದಲ್ಲಿ ಚುಕ್ಕೆ ಇಟ್ಟೆ. ಅಂಥ ಕಾಗದಕ್ಕೆ ಇಬ್ಬರು ಓದುಗರು.

ಸಂಪುಟಗಳಲ್ಲಿ ಪ್ರತಿ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಯಾವ ಪ್ರತಿಯಿಂದ ಅಚ್ಚು ಮಾಡಿದ್ದು ಅಂತ. ಮೊದಲೆಲ್ಲ ಅದನ್ನು ಓದದೆ ಪುಟ ತಿರುಗಿಸುತ್ತಿದ್ದೆ. ಈಗ ಮೊದಲು ಅದನ್ನೇ ನೋಡುತ್ತೇನೆ. ಕೆಲವು ಕಾಗದಗಳ ಮೂಲ ಇಲ್ಲವೇ ಇಲ್ಲ. ಅಂಚೆಯಲ್ಲಿ ಪೊಲೀಸರು ಬಿಡಿಸಿ ಓದಿ ನಕಲು ಮಾಡಿಟ್ಟದ್ದರಿಂದಲೇ ಅವು ಉಳಿದಿವೆ. ಯಾರ ಕೈಗೆ ಸಿಗಬಾರದು ಅಂತ ಪಾಡುಪಟ್ಟರೋ ಅವರ ಕಡತದಿಂದಲೇ ನಾವು ಇವತ್ತು ಅದನ್ನು ಓದುತ್ತಿದ್ದೇವೆ. ಅಂಥವನ್ನು ಅನುವಾದ ಮಾಡುವಾಗ ನನಗೆ ಕೈ ತಡೆಯುತ್ತದೆ. ನಕಲು ಮಾಡಿದವನು ಒಂದು ಪದ ತಪ್ಪಾಗಿ ಓದಿರಬಹುದು ಅಲ್ವಾ? ಹಾಗಾಗಿ ಅವುಗಳ ಮೇಲೆ ‘ಪೊಲೀಸ್ ನಕಲು’ ಅಂತ ಬರೆದೇ ಇಡುತ್ತೇನೆ.

ಭಾಷೆಯ ವಿಷಯದಲ್ಲಿ ಜಾಸ್ತಿ ಕಾಡಿದ್ದು ನೀನು, ನೀವು. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ. ತಾಯಿಗೆ ಬರೆದದ್ದಕ್ಕೆ ‘ಅಮ್ಮ, ನೀನು’ ಅಂತಲೇ ಹಾಕಿದೆ. ಕೊಲ್ಲೊಂಟಾಯ್‌ಗೆ ‘ನೀವು’. ಅನುಮಾನ ಬಂದ ಕಡೆ ರಷ್ಯನ್ ಪಠ್ಯ ತೆಗೆದು ಆ ಒಂದು ಪದವನ್ನಷ್ಟೇ ಹುಡುಕಿದೆ. ಅಷ್ಟಕ್ಕೆ ಅಕ್ಷರಮಾಲೆ ಕಲಿತರೆ ಸಾಕು.

‘ದೂರದಿಂದ ಕಾಗದಗಳು’ ಸಾಲಿನ ಐದನೇ ಕಾಗದ ಶುರುವಾದದ್ದು ಏಪ್ರಿಲ್ 8ರಂದು, ರಷ್ಯಾದ ಲೆಕ್ಕದಲ್ಲಿ ಮಾರ್ಚ್ 26. ಮರುದಿನ ಲೆನಿನ್ ಜ್ಯೂರಿಕ್‌ನಲ್ಲಿ ರೈಲು ಹತ್ತಿದರು. ಕಾಗದ ಅರ್ಧಕ್ಕೇ ನಿಂತಿದೆ. ನಾನೂ ಅಲ್ಲಿಗೇ ನಿಲ್ಲಿಸಿ, ನೋಟ್‌ಬುಕ್‌ನಲ್ಲಿ ಅದರ ಎರಡನೇ ಕಾಲಂ ಖಾಲಿ ಬಿಟ್ಟಿದ್ದೇನೆ.